ಚಾವಡಿಯಲ್ಲಿ ಕೇಳುವ ಹಾಡಿಗೆ ಎಂಪಿ3 ಸಾಕೇ, ಫ್ಲ್ಯಾಕ್ ಬೇಕೇ?

ಕಾಸರಗೋಡು ಜಿಲ್ಲೆಯ ಕುಂಬಳೆ, ಬದಿಯಡ್ಕ, ಪೆರ್ಲ, ಮುಳ್ಳೇರಿಯಾ ಕಡೆಯ ಕನ್ನಡ ಮನೆಗಳಲ್ಲಿ ಸಂಗೀತವೆಂಬುದು ಇಂದು ನಾಲ್ಕಾರು ರೂಪಗಳಲ್ಲಿ ಹರಡಿಕೊಂಡಿದೆ. ಕಪಾಟಿನಲ್ಲಿ ಯಕ್ಷಗಾನ ಮತ್ತು ತಾಳಮದ್ದಳೆಗಳ ಧ್ವನಿಸುರುಳಿಗಳು, ಅವುಗಳ ಪಕ್ಕದಲ್ಲಿ ಒಂದೊಂದರಲ್ಲೂ ನೂರಕ್ಕೂ ಹೆಚ್ಚು ಹಾಡುಗಳನ್ನು ತುಂಬಿಸಿ ಮಾರುತ್ತಿದ್ದ ಎಂಪಿ3 ಸಿ.ಡಿ.ಗಳು, ಫೋನಿನಲ್ಲಿ ವಾಟ್ಸ್ಆ್ಯಪ್ ಮೂಲಕ ಬಂದ ಪದ್ಯಗಳ ತುಣುಕುಗಳು, ಕಂಪ್ಯೂಟರಿನ ಯಾವುದೋ ಮೂಲೆಯಲ್ಲಿ ಮಕ್ಕಳು ಇಳಿಸಿಟ್ಟ ಚಿತ್ರಗೀತೆಗಳು ಇರುತ್ತವೆ. ಇವನ್ನೆಲ್ಲ ಒಂದೆಡೆ ಸೇರಿಸಿ ಮನೆಯ ಆಂಪ್ಲಿಫೈಯರಿನಲ್ಲಿ ನೆಮ್ಮದಿಯಿಂದ ಕೇಳಬೇಕೆಂದು ಹೊರಟವರು, ಒಂದಷ್ಟನ್ನು ಬಿಟ್ಟು ಚಿಕ್ಕದಾಗಿಸುವ ಎಂಪಿ3 ಸಾಕೇ, ಏನನ್ನೂ ಬಿಡದ ಫ್ಲ್ಯಾಕ್ ಬೇಕೇ, ಯಾವ ಮಾದರಿಯ ಫೈಲಿನಲ್ಲಿ ಇಟ್ಟುಕೊಳ್ಳಬೇಕೆಂಬ ಪ್ರಶ್ನೆಯಲ್ಲಿ ಸಿಕ್ಕಿಕೊಳ್ಳುತ್ತಾರೆ. ಅಂಗಡಿಯವರು ಒಂದು ಹೇಳುತ್ತಾರೆ, ಯೂಟ್ಯೂಬಿನ ಪರಿಣತರು ಇನ್ನೊಂದು ಹೇಳುತ್ತಾರೆ.

ಈ ಬರಹದ ನಿಲುವನ್ನು ಮೊದಲೇ ತಿಳಿಸುವುದು ಒಳ್ಳೆಯದು. ಕಳೆದುಕೊಂಡರೆ ಮತ್ತೆ ಸಿಗದ ಪ್ರತಿಯೊಂದು ಧ್ವನಿಮುದ್ರಣದ, ಏನನ್ನೂ ಕಳೆಯದ ಒಂದು ಮೂಲಪ್ರತಿ ಮನೆಯಲ್ಲಿರಬೇಕು. ದಿನನಿತ್ಯ ಕೇಳುವುದಕ್ಕೆ ಅದರಿಂದ ತೆಗೆದ ಚಿಕ್ಕ ಪ್ರತಿ ಸಾಕು. ಆ ಚಿಕ್ಕ ಪ್ರತಿ ಎಷ್ಟು ಚಿಕ್ಕದಿರಬಹುದು ಎಂಬುದನ್ನು ನಿಮ್ಮ ಕಿವಿಯೇ, ಕಣ್ಣು ಮುಚ್ಚಿಕೊಂಡು, ತೀರ್ಮಾನಿಸಬೇಕು.

ಅಂಕಿಗಳ ಲೆಕ್ಕ

1982ರಲ್ಲಿ ಮಾರುಕಟ್ಟೆಗೆ ಬಂದ ಸಿ.ಡಿ.ಯಲ್ಲಿ ಧ್ವನಿಯ ಮಟ್ಟವನ್ನು ಸೆಕೆಂಡಿಗೆ 44,100 ಸಲ ಅಳೆದು, ಪ್ರತಿಯೊಂದು ಅಳತೆಯನ್ನು 16 ಬಿಟ್‌ಗಳ ಸಂಖ್ಯೆಯಾಗಿ (ಬಿಟ್ ಎಂದರೆ 0 ಅಥವಾ 1 ಎಂಬ ಒಂದು ಅಂಕಿ) ಬರೆದಿಡಲಾಗುತ್ತದೆ. ಎಡ ಮತ್ತು ಬಲ ಚಾನೆಲ್‌ಗಳು ಸೇರಿದರೆ ಇದು ಸೆಕೆಂಡಿಗೆ 1,411 ಕಿಲೋಬಿಟ್, ಅಂದರೆ ನಿಮಿಷಕ್ಕೆ ಸುಮಾರು 10.6 ಎಂ.ಬಿ. ಆಗುತ್ತದೆ. ಅಳತೆಯ ದರದ ಅರ್ಧದಷ್ಟು ಆವರ್ತನದವರೆಗಿನ ಧ್ವನಿಯನ್ನು ಈ ಕ್ರಮದಲ್ಲಿ ಪೂರ್ತಿಯಾಗಿ ಮರಳಿ ಪಡೆಯಬಹುದು ಎಂಬುದು ಗಣಿತದಲ್ಲಿ ಸಿದ್ಧವಾದ ಸಂಗತಿ, ಆದ್ದರಿಂದ ಸಿ.ಡಿ.ಯ ಮೇಲ್ಮಿತಿ 22,050 ಹರ್ಟ್ಸ್ (ಸೆಕೆಂಡಿಗೆ ಅಷ್ಟು ಕಂಪನ). ಎಳೆಯ ಕಿವಿಯೂ ಸುಮಾರು 20,000 ಹರ್ಟ್ಸಿನ ಆಚೆಗೆ ಕೇಳುವುದಿಲ್ಲ, ವಯಸ್ಸಾದಂತೆ ಆ ಮಿತಿ ಇನ್ನೂ ಕೆಳಗಿಳಿಯುತ್ತದೆ. 16 ಬಿಟ್‌ಗಳಿಂದ ಅತಿ ಮೆಲ್ಲನೆಯ ಮತ್ತು ಅತಿ ಜೋರಿನ ಧ್ವನಿಗಳ ನಡುವೆ ಸುಮಾರು 96 ಡೆಸಿಬೆಲ್ ಅಂತರ ಸಿಗುತ್ತದೆ. ಫ್ಯಾನು ತಿರುಗುತ್ತಿರುವ, ಹೊರಗೆ ಮಳೆ ಸುರಿಯುತ್ತಿರುವ ಮನೆಯಲ್ಲಿ ಅಷ್ಟು ಅಂತರವನ್ನು ಬಳಸಿಕೊಳ್ಳುವ ಅವಕಾಶವೇ ಬರುವುದಿಲ್ಲ.

ಈ ಅಂಕಿಗಳನ್ನು ಹಾಗೆ ಹಾಗೆಯೇ ಬರೆದಿಡುವ ಫೈಲು ವೇವ್. 1991ರಲ್ಲಿ ಮೈಕ್ರೋಸಾಫ್ಟ್ ಮತ್ತು ಐ.ಬಿ.ಎಂ. ಇದನ್ನು ರೂಪಿಸಿದವು. ಕಂಪ್ಯೂಟರು, ಫೋನುಗಳೆಲ್ಲ ಸಾಮಾನ್ಯವಾಗಿ ಇದನ್ನು ಓದುತ್ತವೆ ಎಂಬುದು ಇದರ ಗುಣ. ಜಾಗ ಹೆಚ್ಚು ಬೇಕು, ಹಾಡಿನ ವಿವರಗಳನ್ನು ಒಳಗೆ ಬರೆದಿಡಲು ಒಪ್ಪವಾದ ವ್ಯವಸ್ಥೆಯಿಲ್ಲ ಎಂಬುದು ದೋಷ. 2001ರಲ್ಲಿ ಮೊದಲ ಆವೃತ್ತಿ ಹೊರಬಂದ ಫ್ಲ್ಯಾಕ್ ಈ ಎರಡು ದೋಷಗಳನ್ನೂ ನೀಗಿಸುತ್ತದೆ. ಅದು ಅಂಕಿಗಳನ್ನು ಜಾಣತನದಿಂದ ಮಡಚಿಡುತ್ತದೆಯೇ ಹೊರತು ಒಂದನ್ನೂ ಬಿಸುಡುವುದಿಲ್ಲ. ಸಾಮಾನ್ಯವಾಗಿ ವೇವ್ ಫೈಲಿನ ಅರ್ಧದಿಂದ ಮುಕ್ಕಾಲು ಪಾಲಿನೊಳಗಿನ ಗಾತ್ರಕ್ಕೆ ಇಳಿಯುತ್ತದೆ, ಬಿಚ್ಚಿದಾಗ ಮೂಲದ ಪ್ರತಿಯೊಂದು ಬಿಟ್ ಹಿಂದಿರುಗುತ್ತದೆ. ಇದರಲ್ಲಿ 0ಯಿಂದ 8ರವರೆಗೆ ಮಟ್ಟಗಳಿವೆ. ಅವು ಮಡಚುವುದಕ್ಕೆ ತಗಲುವ ಸಮಯವನ್ನೂ ಫೈಲಿನ ಗಾತ್ರವನ್ನೂ ಬದಲಿಸುತ್ತವೆ, ಧ್ವನಿಯನ್ನಲ್ಲ. ವೇವ್ ಫೈಲು ಫ್ಲ್ಯಾಕ್‌ಗಿಂತ ಹೆಚ್ಚು ತುಂಬಿ ಕೇಳುತ್ತದೆ ಎನ್ನುವವರ ಮಾತಿಗೆ ಬೆಲೆ ಕೊಡಬೇಕಾಗಿಲ್ಲ. ಆ್ಯಪಲ್ ಕಂಪೆನಿಯ ಆಲ್ಯಾಕ್ ಕೂಡ ಇದೇ ಕೆಲಸ ಮಾಡುತ್ತದೆ. ಮನೆಯಲ್ಲಿ ಆ್ಯಪಲ್‌ನ ಮ್ಯೂಸಿಕ್ ಆ್ಯಪನ್ನೇ ನೆಚ್ಚಿಕೊಂಡವರಿಗೆ ಅದು ಸರಿ, ಉಳಿದವರಿಗೆ ಫ್ಲ್ಯಾಕ್ ಸಾಕು.

ಕಡಿಮೆ ಜಾಗದಲ್ಲಿ ಹಿಡಿಸುವುದಕ್ಕಾಗಿ ಒಂದಷ್ಟನ್ನು ಬಿಟ್ಟುಬಿಡುವ ಮಾದರಿಗಳು ಎಂಪಿ3, ಎಎಸಿ, ಓಗ್ ವೋರ್ಬಿಸ್, ಓಪಸ್ ಮೊದಲಾದವು. ಜರ್ಮನಿಯ ಫ್ರೌನ್‌ಹೋಫರ್ ಸಂಸ್ಥೆಯ ಸಂಶೋಧನೆಯಿಂದ ಮುಖ್ಯವಾಗಿ ಹುಟ್ಟಿದ ಎಂಪಿ3 1990ರ ದಶಕದ ಆರಂಭದಲ್ಲಿ ಅಂತಾರಾಷ್ಟ್ರೀಯ ಮಾನಕವಾಯಿತು. ಅದರ ಪರವಾನಗಿ ವ್ಯವಸ್ಥೆಯನ್ನು ಆ ಸಂಸ್ಥೆ 2017ರಲ್ಲಿ ಮುಚ್ಚಿತು, ಈಗ ಯಾರು ಬೇಕಾದರೂ ಶುಲ್ಕವಿಲ್ಲದೆ ಬಳಸಬಹುದು. 1997ರ ಎಎಸಿ ಅದರ ಉತ್ತರಾಧಿಕಾರಿ. ಎಂ4ಎ ಎಂಬ ಬಾಲವುಳ್ಳ ಫೈಲುಗಳಲ್ಲಿ ಹೆಚ್ಚಾಗಿ ಇರುವುದು ಇದೇ. 2012ರಲ್ಲಿ ಮಾನಕವಾದ ಓಪಸ್ ಇವೆಲ್ಲಕ್ಕಿಂತ ಹೊಸದು, ಕಡಿಮೆ ಬಿಟ್ ದರದಲ್ಲಿ (ಒಂದು ಸೆಕೆಂಡಿನ ಧ್ವನಿಗೆ ಬಳಸುವ ಬಿಟ್‌ಗಳ ಲೆಕ್ಕ) ಇವೆಲ್ಲಕ್ಕಿಂತ ಸಮರ್ಥ. ವಾಟ್ಸ್ಆ್ಯಪಿನ ಧ್ವನಿ ಸಂದೇಶಗಳು ಬರುವುದು ಓಪಸ್ ರೂಪದಲ್ಲಿಯೇ. ಹಳೆಯ ಕಂಪ್ಯೂಟರುಗಳಲ್ಲಿ ಸಿಗುವ ಡಬ್ಲ್ಯುಎಂಎ ಫೈಲುಗಳನ್ನು ಇದ್ದಂತೆಯೇ ಇಟ್ಟುಕೊಂಡರಾಯಿತು.

ಕಳೆದುಹೋಗುವುದು ಯಾವುದು

ಎಂಪಿ3ಯಂತಹ ಮಾದರಿಗಳು ಮನಸ್ಸಿಗೆ ಬಂದಂತೆ ಕತ್ತರಿಸುವುದಿಲ್ಲ. ಒಂದು ಜೋರಾದ ಸ್ವರ ಕೇಳಿಸುತ್ತಿರುವಾಗ ಅದರ ಅಕ್ಕಪಕ್ಕದ ಆವರ್ತನಗಳಲ್ಲಿರುವ ಮೆಲ್ಲನೆಯ ಧ್ವನಿಗಳು ನಮ್ಮ ಕಿವಿಗೆ ಬೀಳುವುದಿಲ್ಲ. ಆ ಅಡಗಿದ ಭಾಗವನ್ನು ಒರಟಾಗಿ ಬರೆದಿಟ್ಟರೆ ಹುಟ್ಟುವ ಗದ್ದಲವೂ ಅಲ್ಲಿಯೇ ಅಡಗಿಕೊಳ್ಳುತ್ತದೆ ಎಂಬುದು ಈ ಎಲ್ಲ ಮಾದರಿಗಳ ಹಿಂದಿನ ತರ್ಕ. ಬಿಟ್ ದರ ಧಾರಾಳವಾಗಿದ್ದರೆ ಗದ್ದಲ ಅಡಗಿಯೇ ಇರುತ್ತದೆ. ದರ ಕಡಿಮೆಯಾದಾಗ ಅಡಗಲು ಜಾಗ ಸಾಲದೆ ಹೊರಗೆ ಇಣುಕುತ್ತದೆ. ಸೆಕೆಂಡಿಗೆ 128 ಕಿಲೋಬಿಟ್‌ನ ಎಂಪಿ3ಯಲ್ಲಿ ಸುಮಾರು 16 ಕಿಲೋಹರ್ಟ್ಸಿನ ಮೇಲಿನ ಭಾಗವನ್ನು ಕತ್ತರಿಸಿ, ಉಳಿಸಿದ ಬಿಟ್‌ಗಳನ್ನು ಕೆಳಗಿನ ಭಾಗಕ್ಕೆ ಹಂಚುವುದು ಸಾಮಾನ್ಯ ಕ್ರಮ.

ನಮ್ಮ ಕಡೆಯ ಸಂಗೀತಕ್ಕೆ ಸಂಬಂಧಿಸಿದಂತೆ ಇಲ್ಲಿ ಗಮನಿಸಬೇಕಾದ ವಿಶೇಷವೊಂದಿದೆ. ಎಂಪಿ3 ಧ್ವನಿಯನ್ನು ಸುಮಾರು 26 ಮಿಲಿಸೆಕೆಂಡಿನ ತುಂಡುಗಳಾಗಿ ತೆಗೆದುಕೊಂಡು ಸಂಸ್ಕರಿಸುತ್ತದೆ, ಒಂದು ತುಂಡಿನಲ್ಲಿ ಹುಟ್ಟಿದ ಗದ್ದಲ ಆ ತುಂಡಿನ ಉದ್ದಕ್ಕೂ ಹರಡುತ್ತದೆ. ತುಂಡಿನ ಮಧ್ಯದಲ್ಲಿ ಥಟ್ಟನೆ ಒಂದು ಚೆಂಡೆಯ ಪೆಟ್ಟು ಬಿತ್ತೆಂದುಕೊಳ್ಳಿ. ಪೆಟ್ಟಿನ ಅನಂತರದ ಗದ್ದಲವನ್ನು ಪೆಟ್ಟಿನ ಸದ್ದೇ ಮುಚ್ಚಿಬಿಡುತ್ತದೆ. ಆದರೆ ಪೆಟ್ಟಿಗೆ ಮೊದಲಿನ ಮೌನದಲ್ಲಿ ಹರಡಿದ ಗದ್ದಲವನ್ನು ಮುಚ್ಚುವುದಕ್ಕೆ ಅಲ್ಲಿ ಏನೂ ಇರುವುದಿಲ್ಲ. ಹಾಗಾಗಿ ಪೆಟ್ಟಿನ ಮೊನೆ ಮೊಂಡಾಗುತ್ತದೆ, ಅದಕ್ಕೂ ಮೊದಲು ಒಂದು ಸಣ್ಣ ಪರಚುವ ಸದ್ದು ಬಂದಂತಾಗುತ್ತದೆ. ಇಂತಹ ಜಾಗಗಳಲ್ಲಿ ತುಂಡನ್ನು ಇನ್ನಷ್ಟು ಚಿಕ್ಕದಾಗಿಸಿ ದೋಷವನ್ನು ತಗ್ಗಿಸುವ ಉಪಾಯ ಎಂಪಿ3ಯಲ್ಲಿಯೇ ಇದೆ, ಎಎಸಿಯಲ್ಲಿ ಇದು ಇನ್ನೂ ಚೆನ್ನಾಗಿದೆ, ಆದರೂ 128ರ ಆಸುಪಾಸಿನಲ್ಲಿ ದೋಷ ಪೂರ್ತಿ ಮರೆಯಾಗುವುದಿಲ್ಲ. ಯಕ್ಷಗಾನದ ತೆಂಕುತಿಟ್ಟಿನ ಹಿಮ್ಮೇಳದಲ್ಲಿ ಚೆಂಡೆಯ ಉರುಳಿಕೆ, ಮದ್ದಳೆಯ ಛಾಪು, ಅವುಗಳ ಮೇಲೆ ಎಡೆಬಿಡದ ಚಕ್ರತಾಳ ಒಟ್ಟಾಗಿ ಬರುತ್ತವೆ. ಹೀಗೆ ಮೊನಚಾದ ಪೆಟ್ಟುಗಳೂ ಲೋಹದ ಝಣತ್ಕಾರವೂ ಕೂಡಿಬರುವ ಸದ್ದು, ಧ್ವನಿಯನ್ನು ಮಡಚಿ ಬಿಚ್ಚುವ ಯಾವ ಕೋಡೆಕ್‌ಗೂ ಕಠಿಣ ಪರೀಕ್ಷೆಯೇ ಸರಿ. ಯುದ್ಧದ ಪದ್ಯವೊಂದನ್ನು 96 ಕಿಲೋಬಿಟ್‌ನ ಎಂಪಿ3ಯಲ್ಲಿ ಕೇಳಿದರೆ ಚಕ್ರತಾಳದ ನಾದ ನೀರಿನೊಳಗಿನಿಂದ ಗುಳುಗುಳು ಎದ್ದು ಬಂದಂತೆ ಕೇಳುತ್ತದೆ.

ಅದೇ ಕಾರಣದಿಂದ, ಒಬ್ಬರೇ ಮಾತನಾಡುವ ಅರ್ಥಗಾರಿಕೆಗೆ ಅಷ್ಟು ಬಿಟ್‌ಗಳು ಬೇಕಾಗುವುದಿಲ್ಲ. ಒಂದೇ ಚಾನೆಲ್ಲಿನ ಓಪಸ್ ಫೈಲಿನಲ್ಲಿ 48 ಕಿಲೋಬಿಟ್ ಇದ್ದರೆ ಅರ್ಥಧಾರಿಯ ಮಾತು ಸ್ಫುಟವಾಗಿ ಕೇಳುತ್ತದೆ. ಎಂಟು ಗಂಟೆಯ ತಾಳಮದ್ದಳೆ ಈ ಲೆಕ್ಕದಲ್ಲಿ ಸುಮಾರು 175 ಎಂ.ಬಿ.ಯೊಳಗೆ ಮುಗಿಯುತ್ತದೆ. ತಂಬೂರಿ, ಕೊಳಲು, ವೀಣೆಗಳ ಕಛೇರಿ ಇವೆರಡರ ನಡುವೆ ನಿಲ್ಲುತ್ತದೆ. ಇಡೀ ಸಂಗ್ರಹಕ್ಕೆ ಒಂದೇ ಬಿಟ್ ದರವೆಂದು ಗೆರೆ ಎಳೆದರೆ ಮಾತಿಗೆ ಜಾಗ ವ್ಯರ್ಥವಾಗುತ್ತದೆ, ಚೆಂಡೆಗೆ ಸಾಲದಾಗುತ್ತದೆ.

ಕಿವಿಯ ಪರೀಕ್ಷೆ

ಬಿಟ್ ದರದ ಬಗ್ಗೆ ಬೇರೆಯವರ ಮಾತನ್ನು, ಈ ಬರಹದ ಮಾತನ್ನೂ ಸೇರಿಸಿ, ನಂಬುವುದಕ್ಕಿಂತ ಸ್ವತಃ ಪರೀಕ್ಷಿಸಿಕೊಳ್ಳುವುದು ಮೇಲು. ಅದಕ್ಕೆ ಬೇಕಾದುದು ಒಂದು ಒಳ್ಳೆಯ ಸಿ.ಡಿ. ಅಥವಾ ಫ್ಲ್ಯಾಕ್ ಮೂಲ, ಫೂಬಾರ್2000 ಎಂಬ ಉಚಿತ ತಂತ್ರಾಂಶ, ಒಂದು ಹೆಡ್‌ಫೋನು, ಮತ್ತು ಅವಸರವಿಲ್ಲದ ಒಂದು ಸಂಜೆ.

ಮೂಲದಿಂದ ಸುಮಾರು 30 ಸೆಕೆಂಡಿನ ಮೂರು ನಾಲ್ಕು ಭಾಗಗಳನ್ನು ಆರಿಸಿಕೊಳ್ಳಬೇಕು. ಒಂದರಲ್ಲಿ ಚೆಂಡೆ ಮತ್ತು ಚಕ್ರತಾಳ ಜೋರಾಗಿರಲಿ, ಯಕ್ಷಗಾನದ ಆಟದ ಮೊದಲಿನ ಅಬ್ಬರತಾಳ ಸಿಕ್ಕಿದರೆ ಅದಕ್ಕಿಂತ ಒಳ್ಳೆಯದು ಬೇರೊಂದಿಲ್ಲ. ಇನ್ನೊಂದರಲ್ಲಿ ಸಕಾರ, ಶಕಾರಗಳು ತುಂಬಿದ ಹಾಡಿನ ಸಾಲಿರಲಿ. ಮತ್ತೊಂದರಲ್ಲಿ ತಂಬೂರಿಯ ಶ್ರುತಿಯೊಡನೆ ಮೆಲ್ಲನೆಯ ಆಲಾಪನೆಯಿರಲಿ. ಪ್ರತಿಯೊಂದು ಭಾಗವನ್ನೂ ಅದೇ ಫ್ಲ್ಯಾಕ್ ಮೂಲದಿಂದ 96, 128, 192, 320 ಕಿಲೋಬಿಟ್‌ಗಳ ಎಂಪಿ3ಗಳಾಗಿ ಪರಿವರ್ತಿಸಬೇಕು. ಪೇಟೆಯಲ್ಲಿ ಸಿಕ್ಕಿದ ಎಂಪಿ3ಯನ್ನೂ ಬೇರೆಡೆ ಸಿಕ್ಕಿದ ಫ್ಲ್ಯಾಕನ್ನೂ ಹೋಲಿಸಿದರೆ ಅದು ಪರೀಕ್ಷೆಯಾಗದು, ಏಕೆಂದರೆ ಎರಡೂ ಬೇರೆ ಬೇರೆ ಮುದ್ರಣಗಳಿಂದ ಬಂದಿರಬಹುದು. ಹಳೆಯ ಚಿತ್ರಗೀತೆಗಳ ಮರುಮುದ್ರಣಗಳನ್ನು ಒಟ್ಟಾರೆ ಜೋರಾಗಿ ಕೇಳುವಂತೆ ಒತ್ತಿ ಹೊರತರುವ ಪರಿಪಾಠವಿದೆ. ಆ ವ್ಯತ್ಯಾಸವನ್ನು ಫೈಲಿನ ಮಾದರಿಯ ಗುಣವೆಂದು ತಿಳಿದುಕೊಂಡವರು ಅನೇಕರಿದ್ದಾರೆ. ತುಸುವೇ ಜೋರಾಗಿರುವ ಧ್ವನಿಯನ್ನು ಕಿವಿ ಹೆಚ್ಚು ಸ್ಪಷ್ಟವಾದ ಧ್ವನಿಯೆಂದು ಭ್ರಮಿಸುತ್ತದೆ. ಆದ್ದರಿಂದ ಹೋಲಿಸುವ ಎರಡು ಫೈಲುಗಳ ಮಟ್ಟ ಸಮನಾಗಿರಲೇಬೇಕು.

ಫೂಬಾರ್‌ನಲ್ಲಿ ಎ.ಬಿ.ಎಕ್ಸ್. ಎಂಬ ಹೆಚ್ಚುವರಿ ಘಟಕವನ್ನು ಸೇರಿಸಿಕೊಂಡರೆ ಅದು ಎರಡು ಫೈಲುಗಳನ್ನು ಹೆಸರು ಮರೆಸಿ ಕೇಳಿಸುತ್ತದೆ; ಈಗ ಕೇಳಿದ್ದು ಮೊದಲನೆಯದೋ ಎರಡನೆಯದೋ ಎಂದು ನೀವು ಹೇಳಬೇಕು. 16 ಸುತ್ತು ನಡೆಸಿ 12 ಅಥವಾ ಅದಕ್ಕಿಂತ ಹೆಚ್ಚು ಸರಿಯಾದರೆ ವ್ಯತ್ಯಾಸ ನಿಮಗೆ ನಿಜವಾಗಿಯೂ ಕೇಳುತ್ತಿದೆ ಎನ್ನಬಹುದು, ಏಕೆಂದರೆ ಬರಿಯ ಊಹೆಯಿಂದ ಅಷ್ಟು ಸರಿಯಾಗುವ ಸಂಭವ ಶೇಕಡಾ 4ಕ್ಕಿಂತ ಕಡಿಮೆ. ಎಂಟು ಒಂಬತ್ತು ಮಾತ್ರ ಸರಿಯಾದರೆ ಅದು ನಾಣ್ಯ ಚಿಮ್ಮಿ ಹೇಳಿದಷ್ಟೇ. ಕಂಪ್ಯೂಟರಿನ ಗೊಡವೆ ಬೇಡವೆನ್ನುವವರು ಮನೆಯವರೊಬ್ಬರನ್ನು ಪಕ್ಕದ ಕೋಣೆಯಲ್ಲಿ ಕೂರಿಸಿ, ಅವರು ನಾಣ್ಯ ಚಿಮ್ಮಿ ಆರಿಸಿದ ಫೈಲನ್ನು ನುಡಿಸುವಂತೆ ಮಾಡಬಹುದು. ನುಡಿಸುವವರ ಮುಖ ಕಾಣದಿರುವುದು ಮುಖ್ಯ.

ಈ ಪರೀಕ್ಷೆಯಲ್ಲಿ 96ನ್ನು ಹೆಚ್ಚಿನವರು ಗುರುತಿಸುತ್ತಾರೆ. 128ನ್ನು ಚಕ್ರತಾಳವಿರುವ ಭಾಗದಲ್ಲಿ ಹಲವರು ಗುರುತಿಸಬಲ್ಲರು. ಲೇಮ್ ಎಂಬ ಪರಿವರ್ತಕದಿಂದ ಮಾಡಿದ 192ರ ಹತ್ತಿರ ಬಂದಾಗ ಗುರುತಿಸುವವರು ಬಹಳ ಕಡಿಮೆಯಾಗುತ್ತಾರೆ, 320ರಲ್ಲಿ ತರಬೇತಿ ಪಡೆದ ಕಿವಿಗಳೂ ತಡವರಿಸುತ್ತವೆ. ಲೇಮ್‌ನಲ್ಲಿ ಬಿಟ್ ದರವನ್ನು ಒಂದೇ ಮಟ್ಟದಲ್ಲಿ ಕಟ್ಟಿಹಾಕದೆ, ಧ್ವನಿಯ ಅಗತ್ಯಕ್ಕೆ ತಕ್ಕಂತೆ ಏರಿಳಿಸುವ ವಿ2 ಎಂಬ ಆಯ್ಕೆಯಿದೆ. ಸರಾಸರಿ 190 ಕಿಲೋಬಿಟ್‌ನಷ್ಟಾಗುವ ಈ ಆಯ್ಕೆಯೇ ಮನೆಬಳಕೆಗೆ ಸೂಕ್ತವೆಂದು ನನ್ನ ಅಭಿಪ್ರಾಯ. ಅನುಮಾನ ಉಳಿದವರು ಸುಮಾರು 245ರ ವಿ0 ಆರಿಸಿಕೊಳ್ಳಲಿ. ಓಪಸ್ ಆದರೆ 128 ಸಾಕು.

ದೊಡ್ಡ ಅಂಕಿಗಳ ಮೋಹ

24 ಬಿಟ್, 96 ಅಥವಾ 192 ಕಿಲೋಹರ್ಟ್ಸ್ ಎಂಬ ಹಣೆಪಟ್ಟಿಯೊಡನೆ ಹೆಚ್ಚು ಬೆಲೆಗೆ ಮಾರುವ ಫೈಲುಗಳ ವಿಷಯ ಬೇರೆ. ಅಮೆರಿಕದ ಬ್ರಾಡ್ ಮೇಯರ್ ಮತ್ತು ಡೇವಿಡ್ ಮೊರಾನ್ 2007ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ಉನ್ನತ ದರ್ಜೆಯ ಧ್ವನಿಯನ್ನು ನೇರವಾಗಿಯೂ, ನಡುವೆ ಸಿ.ಡಿ.ಯ ಮಟ್ಟಕ್ಕೆ ಇಳಿಸಿಯೂ ಕೇಳಿಸಲಾಯಿತು. 554 ಸುತ್ತುಗಳಲ್ಲಿ ಕೇಳುಗರು ಸರಿಯಾಗಿ ಹೇಳಿದ್ದು ಶೇಕಡಾ 49.8, ಅಂದರೆ ಊಹೆಯ ಮಟ್ಟವೇ. 2016ರಲ್ಲಿ ಜೋಶುವಾ ರೀಸ್ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಸರಿಯುತ್ತರ ಶೇಕಡಾ 52.3 ಆಗಿತ್ತು, ತರಬೇತಿ ಪಡೆದವರಲ್ಲಿ ಸ್ವಲ್ಪ ಹೆಚ್ಚು. ಇಷ್ಟು ತೆಳುವಾದ ಅಂತರಕ್ಕಾಗಿ ಫೈಲಿನ ಗಾತ್ರವನ್ನು ಮೂರು ಪಟ್ಟು, ಆರು ಪಟ್ಟು ಏರಿಸಿಕೊಳ್ಳುವುದು, ಹಂಚಿನ ಮಾಡಿನ ಮೇಲೆ ಜೂನ್ ತಿಂಗಳ ಮಳೆ ಬೀಳುವ ನಮ್ಮ ಚಾವಡಿಗಳಲ್ಲಿ ದುಂದುಗಾರಿಕೆಯಲ್ಲದೆ ಮತ್ತೇನೂ ಅಲ್ಲ.

ಆದರೆ ಧ್ವನಿಯನ್ನು ಮುದ್ರಿಸಿಕೊಳ್ಳುವಾಗ 24 ಬಿಟ್‌ಗೆ ನಿಜವಾದ ಉಪಯೋಗವಿದೆ. ದೇವಸ್ಥಾನದ ಅಂಗಣದಲ್ಲಿ ಆಟವನ್ನು ಮುದ್ರಿಸುವವರಿಗೆ ಚೆಂಡೆ ಯಾವ ಕ್ಷಣದಲ್ಲಿ ಎಷ್ಟು ಏರುತ್ತದೆಂಬ ಅಂದಾಜು ಇರುವುದಿಲ್ಲ. 24 ಬಿಟ್ ಇದ್ದರೆ ಮಟ್ಟವನ್ನು ತಗ್ಗಿಸಿಟ್ಟು, ಪೆಟ್ಟುಗಳು ಸೀಳದಂತೆ ನೋಡಿಕೊಂಡು, ಮನೆಗೆ ಬಂದ ಮೇಲೆ ಗದ್ದಲ ಹೆಚ್ಚಿಸದೆ ಮೇಲೆತ್ತಬಹುದು. ಇಂತಹ ಮುದ್ರಣಕ್ಕೆ 24 ಬಿಟ್, 48 ಕಿಲೋಹರ್ಟ್ಸ್ ಸಾಕು. ಇಲ್ಲೊಂದು ಪ್ರಾಯೋಗಿಕ ತೊಡಕಿದೆ. ಸಾಮಾನ್ಯ ವೇವ್ ಫೈಲು 4 ಜಿ.ಬಿ. ಮೀರಿ ಬೆಳೆಯಲಾರದು, ಮೇಲೆ ಹೇಳಿದ ದರದಲ್ಲಿ ಎರಡು ಚಾನೆಲ್ಲುಗಳ ಮುದ್ರಣ ನಾಲ್ಕು ಗಂಟೆ ದಾಟುತ್ತಲೇ ಆ ಮಿತಿಗೆ ತಲುಪುತ್ತದೆ. ರಾತ್ರಿಯಿಡೀ ನಡೆಯುವ ಆಟವನ್ನು ಮುದ್ರಿಸುವ ಮೊದಲು, ನಿಮ್ಮ ರೆಕಾರ್ಡರು ಆ ಮಿತಿ ಬಂದಾಗ ತಾನಾಗಿ ಹೊಸ ಫೈಲು ತೆರೆಯುತ್ತದೆಯೋ ಇಲ್ಲವೋ ಎಂಬುದನ್ನು ಮನೆಯಲ್ಲಿಯೇ ನೋಡಿಕೊಂಡಿರಬೇಕು.

ಧ್ವನಿಸುರುಳಿಯಿಂದ ಫೈಲಿಗೆ

1963ರಲ್ಲಿ ಫಿಲಿಪ್ಸ್ ಕಂಪೆನಿ ಹೊರತಂದ ಕ್ಯಾಸೆಟ್ಟು ಸೆಕೆಂಡಿಗೆ 4.76 ಸೆಂಟಿಮೀಟರ್ ವೇಗದಲ್ಲಿ ಓಡುವ ಕಿರಿದಾದ ಟೇಪು. ಅದರಲ್ಲಿರುವ ಧ್ವನಿಯ ವಿಸ್ತಾರವನ್ನು ಸಿ.ಡಿ.ಯ ಮಟ್ಟದ ಫೈಲು ಧಾರಾಳವಾಗಿ ಹಿಡಿದಿಡುತ್ತದೆ. ಹಾಗಾಗಿ ಇಲ್ಲಿ ಗುಣಮಟ್ಟ ನಿರ್ಧಾರವಾಗುವುದು ಫೈಲಿನಿಂದಲ್ಲ, ಟೇಪನ್ನು ಓಡಿಸುವ ಯಂತ್ರದಿಂದ.

ಮೊದಲು ಟೇಪನ್ನು ಬೆಳಕಿಗೆ ಹಿಡಿದು ನೋಡಬೇಕು. ಕರಾವಳಿಯ ಮಳೆಗಾಲದ ತೇವಕ್ಕೆ ಸುರುಳಿಯ ಅಂಚಿನಲ್ಲಿ ಬಿಳಿಯ ಬೂಸು ಹಿಡಿದಿದ್ದರೆ ಅದನ್ನು ಹಾಗೆಯೇ ಓಡಿಸಬಾರದು. ಬೂಸು ಟೇಪನ್ನು ಓದುವ ಹೆಡ್ಡಿಗೂ ಅಲ್ಲಿಂದ ಇನ್ನೊಂದು ಟೇಪಿಗೂ ಅಂಟುತ್ತದೆ. ಒಳ್ಳೆಯ ಸ್ಥಿತಿಯಲ್ಲಿರುವ ಟೇಪನ್ನು ಒಮ್ಮೆ ಕೊನೆಯವರೆಗೆ ಓಡಿಸಿ, ಹಿಂದಕ್ಕೆ ಸುತ್ತಿಕೊಂಡರೆ ಬಿಗಿತ ಸಡಿಲವಾಗುತ್ತದೆ. ಹೆಡ್ಡನ್ನೂ ರಬ್ಬರಿನ ಉರುಳೆಯನ್ನೂ ಹತ್ತಿಯಿಂದ ಒರಸಬೇಕು. ಹೆಡ್ಡಿಗೆ ಐಸೋಪ್ರೊಪೈಲ್ ಆಲ್ಕೋಹಾಲ್ ಒಳ್ಳೆಯದು. ಬಳಿಕ ಹೆಡ್ಡಿನ ಪಕ್ಕದಲ್ಲಿರುವ ಚಿಕ್ಕ ತಿರುಪನ್ನು ಸ್ವಲ್ಪವೇ ತಿರುಗಿಸುತ್ತಾ, ಎರಡು ಚಾನೆಲ್‌ಗಳನ್ನು ಒಂದಾಗಿ ಸೇರಿಸಿ ಕೇಳುತ್ತಾ, ತಾಳದ ನಾದ ಎಲ್ಲಿ ಅತಿ ಸ್ಪಷ್ಟವಾಗುತ್ತದೆಯೋ ಅಲ್ಲಿ ನಿಲ್ಲಿಸಬೇಕು. ಮುದ್ರಿಸಿದ ಯಂತ್ರದ ಹೆಡ್ಡಿನ ಓರೆಗೆ ನುಡಿಸುವ ಯಂತ್ರದ ಹೆಡ್ಡು ಹೊಂದಿಕೊಳ್ಳದಿದ್ದಾಗ ಮೇಲಿನ ಆವರ್ತನಗಳು ಮಸುಕಾಗುತ್ತವೆ. ಈ ಒಂದು ತಿರುಪು ತಂದುಕೊಡುವ ಸ್ಪಷ್ಟತೆಯನ್ನು ಯಾವ ದುಬಾರಿ ಮಾದರಿಯ ಫೈಲೂ ತಂದುಕೊಡಲಾರದು. ಟೇಪಿನ ಸದ್ದನ್ನು ತಗ್ಗಿಸುವ ಡಾಲ್ಬಿ ಗುಂಡಿಯನ್ನು, ಟೇಪು ಡಾಲ್ಬಿಯಲ್ಲಿಯೇ ಮುದ್ರಿತವಾಗಿದೆಯೆಂದು ತಿಳಿದಿದ್ದರೆ ಮಾತ್ರ ಒತ್ತಬೇಕು.

ಕ್ಯಾಸೆಟ್ ನುಡಿಸುವ ಡೆಕ್ಕಿನ ಲೈನ್ ಔಟ್‌ನಿಂದ ಕಂಪ್ಯೂಟರಿನ ಲೈನ್ ಇನ್‌ಗೆ ತಂತಿ ಹಾಕಬೇಕು. ಲ್ಯಾಪ್‌ಟಾಪಿನ ಮೈಕ್ ಕಿಂಡಿಗೆ ಹಾಕಿದರೆ ಧ್ವನಿ ಸೀಳುತ್ತದೆ. ಲೈನ್ ಇನ್ ಇಲ್ಲದ ಕಂಪ್ಯೂಟರಿಗೆ ಯು.ಎಸ್.ಬಿ. ಆಡಿಯೊ ಇಂಟರ್‌ಫೇಸ್ ಬೇಕಾಗುತ್ತದೆ. ಉಚಿತವಾಗಿ ಸಿಗುವ ಆಡಾಸಿಟಿ ಎಂಬ ತಂತ್ರಾಂಶದಲ್ಲಿ ಅತಿ ಜೋರಿನ ಪೆಟ್ಟು ಗರಿಷ್ಠ ಮಿತಿಗಿಂತ 6 ಡೆಸಿಬೆಲ್ ಕೆಳಗೆ, ಅಂದರೆ ಸುಮಾರು ಋಣ 6 ಡೆಸಿಬೆಲ್‌ನಲ್ಲಿ ನಿಲ್ಲುವಂತೆ ಮಟ್ಟ ಹೊಂದಿಸಿ ಮುದ್ರಿಸಿಕೊಂಡು, ಏನನ್ನೂ ತಿದ್ದದ ಆ ಪ್ರತಿಯನ್ನು ಫ್ಲ್ಯಾಕ್ ಆಗಿ ಉಳಿಸಬೇಕು. ಹಿಸ್ ಎಂಬ ಟೇಪಿನ ಸದ್ದನ್ನು ತೆಗೆಯುವ ಪ್ರಯೋಗಗಳೆಲ್ಲ ಇನ್ನೊಂದು ಪ್ರತಿಯ ಮೇಲೆ ನಡೆಯಲಿ. ಅತಿಯಾಗಿ ತೆಗೆದರೆ ಚಕ್ರತಾಳವೂ ಹಿಸ್ಸಿನ ಜೊತೆಗೆ ಹೋಗುತ್ತದೆ. 90 ನಿಮಿಷದ ಟೇಪಿಗೆ ಸಿ.ಡಿ. ಮಟ್ಟದ ವೇವ್ ಸುಮಾರು 950 ಎಂ.ಬಿ. ಆಗುತ್ತದೆ, ಫ್ಲ್ಯಾಕ್ ಅದಕ್ಕಿಂತ ಸಾಕಷ್ಟು ಕಡಿಮೆ. ಮೊನೊ ಮುದ್ರಣವನ್ನು ಒಂದೇ ಚಾನೆಲ್ಲಾಗಿ ಉಳಿಸಿದರೆ ಇನ್ನೂ ಕಡಿಮೆ. ಗುರುತಿಸಬೇಕಾದುದೆಂದರೆ, ಹಿಸ್ ತುಂಬಿದ ಧ್ವನಿ ಫ್ಲ್ಯಾಕ್‌ನಲ್ಲಿ ಚೆನ್ನಾಗಿ ಮಡಚಿಕೊಳ್ಳುವುದಿಲ್ಲ, ಆದ್ದರಿಂದ ಹಳೆಯ ಟೇಪಿನ ಫೈಲು ನಿರೀಕ್ಷೆಗಿಂತ ದೊಡ್ಡದಾಗಿ ಬಂದರೆ ಗಾಬರಿಯಾಗಬೇಕಾಗಿಲ್ಲ.

ಉಬ್ಬಿಸಿದ ಫೈಲುಗಳು

ಈಗಾಗಲೇ 128ರ ಎಂಪಿ3 ಆಗಿರುವ ಹಾಡನ್ನು 320ಕ್ಕೋ ಫ್ಲ್ಯಾಕ್‌ಗೋ ಪರಿವರ್ತಿಸಿದರೆ ಗುಣ ಹೆಚ್ಚುತ್ತದೆಂಬ ನಂಬಿಕೆ ವ್ಯಾಪಕವಾಗಿದೆ. ನೀರು ಬೆರೆಸಿದ ಮಜ್ಜಿಗೆಯನ್ನು ದೊಡ್ಡ ಪಾತ್ರೆಗೆ ಸುರಿದರೆ ಅದು ಮೊಸರಾಗುವುದಿಲ್ಲ. ಫ್ಲ್ಯಾಕ್‌ಗೆ ಬದಲಿಸಿದರೆ ಗಾತ್ರ ಮಾತ್ರ ಬೆಳೆಯುತ್ತದೆ. ಇನ್ನೊಂದು ಎಂಪಿ3ಗೆ ಬದಲಿಸಿದರೆ ಹಳೆಯ ಗದ್ದಲದ ಮೇಲೆ ಹೊಸ ಗದ್ದಲ ಸೇರುತ್ತದೆ. 700 ಎಂ.ಬಿ.ಯ ಸಿ.ಡಿ.ಯಲ್ಲಿ ಹನ್ನೆರಡು ಗಂಟೆಯ ಹಾಡು ತುಂಬಿಸಿದ್ದ ಆ ಹಳೆಯ ಎಂಪಿ3 ಸಂಗ್ರಹಗಳು 128ರ ಲೆಕ್ಕದವು. ಅವನ್ನು ಹಾಗೆಯೇ ನಕಲು ಮಾಡಿ ಇಟ್ಟುಕೊಳ್ಳುವುದೇ ಸರಿ. ಯೂಟ್ಯೂಬಿನ ಧ್ವನಿಯೂ ಅಲ್ಲಿಯೇ ಒಮ್ಮೆ ಎಎಸಿಗೋ ಓಪಸ್‌ಗೋ ಇಳಿದಿರುತ್ತದೆ, ಅದನ್ನು 320 ಮಾಡಿಕೊಡುತ್ತೇವೆನ್ನುವ ತಾಣಗಳು ಹೊಸದಾಗಿ ಏನನ್ನೂ ಸೇರಿಸುವುದಿಲ್ಲ.

ಫ್ಲ್ಯಾಕ್ ಎಂಬ ಹೆಸರಿನ ಫೈಲೊಂದು ನಿಜವಾಗಿ ಫ್ಲ್ಯಾಕೇ ಎಂಬುದನ್ನು ಆವರ್ತನಗಳನ್ನು ಚಿತ್ರವಾಗಿ ತೋರಿಸುವ ಆಡಾಸಿಟಿಯ ಸ್ಪೆಕ್ಟ್ರೋಗ್ರಾಮ್ ನೋಟದಲ್ಲಿ ಪರಿಶೀಲಿಸಬಹುದು. 16 ಕಿಲೋಹರ್ಟ್ಸಿನ ಬಳಿ ಗೆರೆ ಎಳೆದಂತೆ ಮೇಲೆಲ್ಲ ಕಪ್ಪಾಗಿದ್ದರೆ ಅದು ಎಂಪಿ3ಯಿಂದ ಉಬ್ಬಿಸಿದ್ದೆಂದು ಶಂಕಿಸಬೇಕು. ಆದರೆ ಆಕಾಶವಾಣಿಯ ಮಧ್ಯಮ ತರಂಗದಿಂದ ಟೇಪು ಮಾಡಿಕೊಂಡ ಕಾರ್ಯಕ್ರಮದಲ್ಲಿ ಮೇಲಿನ ಆವರ್ತನಗಳು ಮೊದಲಿನಿಂದಲೇ ಇರುವುದಿಲ್ಲ, ಅಲ್ಲಿ ಈ ಶಂಕೆ ಸಲ್ಲದು.

ನುಡಿಸುವ ದಾರಿ

ಫ್ಲ್ಯಾಕ್ ಫೈಲನ್ನು ಫೋನಿನಿಂದ ಬ್ಲೂಟೂತ್ ಸ್ಪೀಕರಿಗೆ ಕಳುಹಿಸಿದಾಗ ಅದು ದಾರಿಯಲ್ಲಿ ಮತ್ತೊಮ್ಮೆ ಮಾದರಿ ಬದಲಿಸುತ್ತದೆ. ಬಹುತೇಕ ಎಲ್ಲ ಬ್ಲೂಟೂತ್ ಆಡಿಯೊ ಸಾಧನಗಳಲ್ಲೂ ಇರುವ ಎಸ್‌ಬಿಸಿ ಎಂಬ ಕೋಡೆಕ್ ಸಾಮಾನ್ಯವಾಗಿ 328 ಕಿಲೋಬಿಟ್‌ನವರೆಗೆ ಕೊಂಡೊಯ್ಯುತ್ತದೆ. ಸೋನಿಯ ಎಲ್‌ಡ್ಯಾಕ್ 990ರವರೆಗೆ ಹೋಗಬಲ್ಲದು, ಆದರೆ ಎರಡೂ ಸಾಧನಗಳು ಅದನ್ನು ಬಲ್ಲವಾಗಿರಬೇಕು. ಬ್ಲೂಟೂತ್‌ನಲ್ಲಿಯೇ ಕೇಳುವವರು ಫೋನಿನಲ್ಲಿ ಫ್ಲ್ಯಾಕ್ ತುಂಬಿಸಿ ಜಾಗ ಕಳೆಯುವ ಅಗತ್ಯವಿಲ್ಲ. ತಂತಿಯಲ್ಲಿ ಕೇಳುವವರಿಗೆ ಫೋನಿನ ಹೆಡ್‌ಫೋನ್ ಕಿಂಡಿಯಿಂದ ಆಂಪ್ಲಿಫೈಯರಿನ ಆಕ್ಸ್‌ಗೆ ಎಳೆದ ತಂತಿಯೇ ಸಾಕಾಗುತ್ತದೆ.

ಪೆನ್‌ಡ್ರೈವ್ ಚುಚ್ಚಿ ನುಡಿಸುವ ಸೆಟ್ಟುಗಳಲ್ಲೂ ಕಾರಿನ ಸ್ಟೀರಿಯೊಗಳಲ್ಲೂ ಅನೇಕವು ಎಂಪಿ3ಯನ್ನು ಮಾತ್ರ ಓದುತ್ತವೆ. ಓಪಸ್ ಓದುವವು ವಿರಳ. ಪೆನ್‌ಡ್ರೈವ್ ಫ್ಯಾಟ್32 ವಿಧಾನದಲ್ಲಿ ಸಿದ್ಧವಾಗಿರಬೇಕೆಂದು ಬಯಸುವ ಯಂತ್ರಗಳೂ ಹೆಚ್ಚು. ಕನ್ನಡ ಲಿಪಿಯ ಫೈಲಿನ ಹೆಸರುಗಳು ಅಲ್ಲಿ ಪ್ರಶ್ನಾರ್ಥಕ ಚಿಹ್ನೆಗಳ ಸಾಲಾಗಿ ಕಾಣುವುದುಂಟು, ಆದ್ದರಿಂದ ಕಾರಿನ ಪ್ರತಿಗೆ ಮಾತ್ರ ಮೊದಲಲ್ಲಿ ಕ್ರಮಸಂಖ್ಯೆ ಹಾಕಿಕೊಂಡರೆ ಹುಡುಕಲು ಅನುಕೂಲ.

ಸ್ಪೀಕರುಗಳ ಮಾತು ಸಂಕ್ಷಿಪ್ತವಾಗಿ: ಅವೆರಡೂ ಕುಳಿತ ಕಿವಿಯ ಎತ್ತರದಲ್ಲಿ, ನಿಮ್ಮೊಡನೆ ಸಮಭುಜ ತ್ರಿಕೋನವಾಗುವಂತೆ ಇರಲಿ. ನುಣುಪಾದ ಟೈಲ್ಸಿನ ನೆಲ, ಬರಿಯ ಸಿಮೆಂಟು ಗೋಡೆಗಳ ಕೋಣೆಯಲ್ಲಿ ಚೆಂಡೆಯ ಪೆಟ್ಟು ಗೋಡೆಯಿಂದ ಗೋಡೆಗೆ ಪುಟಿಯುತ್ತದೆ. ಒಂದು ಜಮಖಾನ, ದಪ್ಪನೆಯ ಪರದೆ, ಪುಸ್ತಕದ ಕಪಾಟು ಅದನ್ನು ಬಹಳಷ್ಟು ತಗ್ಗಿಸುತ್ತವೆ. 192ರಿಂದ ಫ್ಲ್ಯಾಕ್‌ಗೆ ಏರಿದಾಗ ಕೇಳದ ವ್ಯತ್ಯಾಸ ಜಮಖಾನ ಹಾಸಿದಾಗ ಮನೆಮಂದಿಗೆಲ್ಲ ಕೇಳುತ್ತದೆ.

ಹೆಸರು ಬರೆದಿಡುವುದು

ಫ್ಲ್ಯಾಕ್‌ನ ಒಳಗಿನ ವಿವರಪಟ್ಟಿ ಯೂನಿಕೋಡ್‌ನಲ್ಲಿರುವುದರಿಂದ ಕನ್ನಡದಲ್ಲಿಯೇ ಬರೆಯಬಹುದು, ಹೊಸ ಅಂಕಣಗಳನ್ನೂ ಸೇರಿಸಿಕೊಳ್ಳಬಹುದು. ಗಾಯಕ, ಆಲ್ಬಂ ಎಂಬ ಅಂಕಣಗಳು ತಾಳಮದ್ದಳೆಗೆ ಸರಿಹೊಂದುವುದಿಲ್ಲ. ಆಲ್ಬಂ ಎಂಬಲ್ಲಿ ಪ್ರಸಂಗದ ಹೆಸರು, ಕಲಾವಿದರ ಜಾಗದಲ್ಲಿ ಭಾಗವತರು, ಟಿಪ್ಪಣಿಯಲ್ಲಿ ಚೆಂಡೆ ಮದ್ದಳೆಯವರು ಮತ್ತು ಯಾವ ಅರ್ಥ ಯಾರದು ಎಂಬ ವಿವರ, ಕೂಟ ನಡೆದ ಊರು, ವರ್ಷ, ಯಾವ ಟೇಪಿನಿಂದ ತೆಗೆದದ್ದು ಎಂಬುದನ್ನು ಬರೆದಿಡಬಹುದು. ಧ್ವನಿಯನ್ನು ಕೇಳಿ ಭಾಗವತರನ್ನು ಗುರುತಿಸಬಲ್ಲ ಹಿರಿಯರು ಮನೆಯಲ್ಲಿರುವಾಗಲೇ ಈ ಕೆಲಸ ಮುಗಿಯಬೇಕು.

ಮೂಲಪ್ರತಿಯ ಎರಡು ನಕಲುಗಳು ಎರಡು ಹಾರ್ಡ್ ಡಿಸ್ಕುಗಳಲ್ಲಿ, ಅವುಗಳಲ್ಲಿ ಒಂದು ಬೇರೆ ಮನೆಯಲ್ಲಿ ಇರಬೇಕು. ಸಿಡಿಲಿನ ಕಾಲದಲ್ಲಿ ಡಿಸ್ಕನ್ನು ಕಂಪ್ಯೂಟರಿಗೆ ಚುಚ್ಚಿಯೇ ಬಿಡಬಾರದು. ಪ್ರತಿಯೊಂದು ಫ್ಲ್ಯಾಕ್ ಫೈಲಿನೊಳಗೂ ಮೂಲಧ್ವನಿಯ ಎಂ.ಡಿ.5 ಗುರುತು (ಧ್ವನಿಯ ಅಂಕಿಗಳಿಂದ ಲೆಕ್ಕಹಾಕಿದ, ಬೆರಳಚ್ಚಿನಂತಹ ಸಂಖ್ಯೆ) ಇರುತ್ತದೆ. ವರ್ಷಕ್ಕೊಮ್ಮೆ, ಮಳೆಗಾಲ ಕಳೆದ ಮೇಲೆ, ಫೂಬಾರ್‌ನ ಪರಿಶೀಲನಾ ಘಟಕದಿಂದ ಇಡೀ ಸಂಗ್ರಹವನ್ನು ಓಡಿಸಿದರೆ ಕೆಟ್ಟ ಫೈಲು ಯಾವುದೆಂದು ಅದು ತಿಳಿಸುತ್ತದೆ. ಆ ಫೈಲನ್ನು ಇನ್ನೊಂದು ಡಿಸ್ಕಿನಿಂದ ತಂದು ತುಂಬಿಸಿಕೊಳ್ಳಬಹುದು. ದೂರದ ನೆಂಟರಿಗೆ ವಾಟ್ಸ್ಆ್ಯಪಿನಲ್ಲಿ ಪದ್ಯ ಕಳುಹಿಸುವಾಗ ಡಾಕ್ಯುಮೆಂಟ್ ಎಂಬ ಆಯ್ಕೆಯಿಂದ ಕಳುಹಿಸಿದರೆ ಫೈಲು ಬದಲಾಗದೆ ತಲುಪುತ್ತದೆ.